ಬಾನೆಟ್ ಮೇಲೆ ಅಂತರಗಂಗೆ

ಈ ಭಾನುವಾರ ಕಾರು ತೊಳೆದೆ. ತೊಳೆಯುವ ಮೊದಲು ಚೆನ್ನಾಗಿತ್ತು.

ಕೋಲಾರದಲ್ಲಿ ಕಾರು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ, ಕೇಳಿ. ನಮ್ಮ ಬೀದಿಯದು ಸಾವಿರ ಅಡಿ ದಾಟಿದ ಬೋರಿನ ನೀರು. ಬಂಡೆ ಸಂದಿಯಿಂದ ಮೇಲೆ ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಜೊತೆಗೆ ಕಟ್ಟಿಕೊಂಡೇ ಬರುತ್ತದೆ. ಕಾರಿನ ಮೇಲೆ ಹೊಯ್ದರೆ ನೀರು ಬಿಸಿಲಿಗೆ ಆರಿ ಹೋಗುತ್ತದೆ, ಉಪ್ಪು ಮಾತ್ರ ಅಲ್ಲೇ ಕೂರುತ್ತದೆ. ನನ್ನದು ಕಡು ನೀಲಿ ಕಾರು ಬೇರೆ. ತೊಳೆದು, ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಕಾರಿಗೆ ಅಮ್ಮ ಎದ್ದ ಹಾಗೆ ಮೈತುಂಬ ಬಿಳಿ ಬೊಟ್ಟು.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೆತ್ತಗಿನ ಬಟ್ಟೆಯಲ್ಲಿ ಕಲೆಯ ಮೇಲೆ ಹಚ್ಚಿ, ಒರೆಸಿ, ಕೂಡಲೇ ಚೆನ್ನಾಗಿ ನೀರು ಹಾಕಿ ತೊಳೆಯಬೇಕು. ಯಾವ ನೀರು ಹಾಕಿ? ಅದೇ ಬೋರ್ ನೀರು ಹಾಕಿ!

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಈ ಕಷ್ಟ ಹೇಳಿಕೊಂಡರೆ ನಗುತ್ತಾನೆ. ಅವನದು ಕಾವೇರಿ ನೀರು. 2024ರ ಮಾರ್ಚ್‌ನಲ್ಲಿ ಅಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಾಗ ಮಾತ್ರ ಸ್ವಲ್ಪ ದಿನ ಸುಮ್ಮನಾಗಿದ್ದ. ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರಲ್ಲ. ಅಂದರೆ ಅವರೆಲ್ಲ ಕಾರು ತೊಳೆದು ಚರಂಡಿಗೆ ಬಿಟ್ಟ ನೀರೂ ಪೈಪಿನಲ್ಲಿ ಇಲ್ಲಿಗೆ ಬಂದು, ಕೆರೆ ತುಂಬಿ, ನೆಲಕ್ಕಿಳಿದು, ಬಂಡೆಯ ಉಪ್ಪನ್ನೆಲ್ಲ ಹೀರಿಕೊಂಡು, ಬೋರಿನಲ್ಲಿ ಮೇಲೆ ಬಂದು ನನ್ನ ಬಾನೆಟ್ ಮೇಲೆ ಬೊಟ್ಟು ಇಡುತ್ತಿರಬಹುದು. ಅವನಿಗೆ ಫಳಫಳ, ನನಗೆ ಕಲೆ.

ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಶಾಂಪೂ ಹಾಕಿ ಉಜ್ಜುವುದೆಲ್ಲ ಬೋರ್ ನೀರಿನಲ್ಲಿ, ಕೊನೆಯ ಸಲ ಮಾತ್ರ ಫಿಲ್ಟರ್ ನೀರು. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬಂದು ಕಾರಿನ ತಲೆಯ ಮೇಲಿಂದ ನಿಧಾನವಾಗಿ ಬಿಟ್ಟೆ. ಕಲೆ ಬೀಳಲಿಲ್ಲ. ಆದರೆ ಕೋಲಾರದ ಒಂದು ಬೀದಿಯಲ್ಲಿ ನಿಂತು ಕುಡಿಯುವ ನೀರಿನಲ್ಲಿ ಕಾರಿಗೆ ಸ್ನಾನ ಮಾಡಿಸಿದರೆ ಜನ ಹೇಗೆ ನೋಡುತ್ತಾರೆ ಅಂತ ಗೊತ್ತಲ್ವಾ? ಖಾಲಿ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುತ್ತಿದ್ದ ಪಕ್ಕದ ಮನೆ ಅಕ್ಕ ಏನೂ ಅನ್ನಲಿಲ್ಲ. ಕೊಡವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಾಯಿಸಿದರು, ಅಷ್ಟೇ. ನಾನು ಕ್ಯಾನ್ ತೆಗೆದುಕೊಂಡು ಒಳಗೆ ಬಂದೆ.

ನೀರಿನ ಕಥೆ ಇದಾದರೆ ಧೂಳಿನ ಕಥೆ ಮೇಷ್ಟ್ರದು.

ನಮ್ಮ ಎದುರು ಮನೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ರಿಟೈರ್ ಆಗಿ ಬಹಳ ವರ್ಷ ಆಯಿತು. ಬೆಳಿಗ್ಗೆ ಹಾಲು ತರಲು ಹೊರಟರೆ ದಾರಿಯಲ್ಲಿ ನನ್ನ ಕಾರು. ಧೂಳು ಕೂತ ಕಡು ನೀಲಿ ಬಾನೆಟ್ ನೋಡಿದರೆ ಅವರ ಕೈ ಸುಮ್ಮನಿರುವುದಿಲ್ಲ. ಬೇರೆಯವರು ನಮ್ಮ ಧೂಳಿನ ಮೇಲೆ ಏನು ಬರೆಯುತ್ತಾರೆ? 'ತೊಳೆಯೋ ಸೋಮಾರಿ' ಅಂತ ಬರೆದು ಹೋಗುತ್ತಾರೆ. ಇವರು ತೋರು ಬೆರಳಿನಲ್ಲಿ ಚಿತ್ರ ಬರೆಯುತ್ತಾರೆ. ಮೊದಲು ಒಂದು ಗಿಳಿ ಬಂತು. ಆಮೇಲೆ ಬಾಳೆಗೊನೆ. ಆಮೇಲೆ ಒಂದು ದಿನ ಇಡೀ ಬಾನೆಟ್ ಹಿಡಿದು ನಮ್ಮೂರ ಪಕ್ಕದ ಅಂತರಗಂಗೆ ಬೆಟ್ಟ. ಬಂಡೆ, ಮೆಟ್ಟಿಲು, ಕಲ್ಯಾಣಿ, ಬಾಯಿಂದ ನೀರು ಬಿಡುವ ಬಸವ, ಮೆಟ್ಟಿಲ ಮೇಲೆ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿ. ಕೋತಿಯ ಬಾಲಕ್ಕೆ ಕಿರುಬೆರಳು ಬಳಸಿದ್ದರು, ಗೆರೆ ಸಣ್ಣಗೆ ಬರಲಿ ಅಂತ.

ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹೆಂಡತಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ, "ಇವತ್ತೊಂದು ದಿನ ತೊಳೀಬೇಡಿ, ಪಾಪ" ಅಂದಳು. ಪಾಪ ಯಾರು ಅಂತ ನಾನು ಕೇಳಲಿಲ್ಲ.

ಕಷ್ಟ ಏನೆಂದರೆ ನಮ್ಮೂರ ಧೂಳು ಬರೀ ಮಣ್ಣಲ್ಲ. ಸುತ್ತಲಿನ ಕ್ರಷರ್‌ಗಳಿಂದ ಬಂದ ಕಲ್ಲಿನ ಪುಡಿ. ಗ್ರಾನೈಟ್ ಅಂದಮೇಲೆ ಅದರಲ್ಲಿ ಬೆಣಚುಕಲ್ಲಿನ ಅಂಶ ಇದ್ದೇ ಇರುತ್ತದೆ. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ಮೇಲೆ ಕಲ್ಲುಪುಡಿ ಇಟ್ಟು ಬೆರಳಲ್ಲಿ ಒತ್ತಿ ಎಳೆದರೆ? ಧೂಳು ತೊಳೆದು ಹೋಯಿತು, ಬೆಟ್ಟ ಹೋಗಲಿಲ್ಲ. ನೆರಳಲ್ಲಿ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲು ಬಿದ್ದರೆ ಸಣ್ಣ ಸಣ್ಣ ಗೀರಿನಲ್ಲಿ ಇಡೀ ಅಂತರಗಂಗೆ ಮೇಲೇಳುತ್ತದೆ, ಕೋತಿ ಸಮೇತ. ಪೆಟ್ರೋಲ್ ಬಂಕಿನ ಹುಡುಗ ಬಗ್ಗಿ ನೋಡಿ, "ಸೂಪರ್ ಸಾರ್, ಈ ಡಿಸೈನ್ ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿದ. ಅವನಿಗೆ ನಿಜವಾಗಿಯೂ ಅಡ್ರೆಸ್ ಬೇಕಿತ್ತು.

ಗೀರು ಹೋಗಬೇಕಾದರೆ ಪಾಲಿಷ್ ಮಾಡಬೇಕು. ಪಾಲಿಷ್ ಅಂದರೆ ಆ 40 ಮೈಕ್ರಾನ್ ಪದರವನ್ನೇ ಚೂರು ತೇಯುವುದು. ಮೇಷ್ಟ್ರು ಬರೆಯುವ ವೇಗಕ್ಕೆ ನಾನು ತೇಯುತ್ತಾ ಹೋದರೆ ಮುಂದಿನ ಯುಗಾದಿಗೆ ತಗಡು ಕಾಣುತ್ತದೆ. ಹಾಗಾಗಿ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ರಕ್ಷಣೆಗೆ ಮೇಲೆ ಹಚ್ಚುವ ಗಟ್ಟಿ ಲೇಪ, ವಿಚಾರಿಸಲು ಒಂದು ಅಂಗಡಿಗೆ ಹೋದೆ. "9ಎಚ್ ಸಾರ್, ಗೀರೇ ಬೀಳಲ್ಲ" ಅಂದ ಅಲ್ಲಿಯ ಹುಡುಗ. ಖುಷಿಯಿಂದ ಬಂದು ಬೇಕಂತಲೇ ಮೇಷ್ಟ್ರ ಮುಂದೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡರು.

"ಏಮಪ್ಪಾ, 9ಎಚ್ ಅಂದ್ರೆ ಪೆನ್ಸಿಲ್ ಲೆಕ್ಕ ಅಲ್ವೇನೋ? ಎಚ್‌ಬಿ, 2ಬಿ, ಎಲ್ಲ ನಾನೇ ಪಾಠ ಮಾಡಿದ್ದು. 9ಎಚ್ ಪೆನ್ಸಿಲ್ಲಲ್ಲಿ ಗೀಚಿದ್ರೆ ಗೀರು ಬೀಳಲ್ಲ ಅಂತ ಅಷ್ಟೇ ಅರ್ಥ. ನಮ್ಮೂರ ಧೂಳು ಪೆನ್ಸಿಲ್ಲಾ?"

ಅವರು ಹೇಳಿದ್ದು ಸರಿಯೇ. ಗಟ್ಟಿತನದ ಆ ಅಳತೆ ಪೆನ್ಸಿಲ್ ಪರೀಕ್ಷೆಯದೇ. ಗೀರುವವರೇ ಬಂದು ಅದು ತಡೆಯಲ್ಲ ಅಂತ ಬುದ್ಧಿ ಹೇಳಿದರೆ ಯಾರಿಗೆ ಸಿಟ್ಟು ಬರಲ್ಲ? ಬಂತು. ಆದರೆ ಕೋಟಿಂಗ್ ದುಡ್ಡೂ ಉಳಿಯಿತು. ವರ್ಷಕ್ಕೊಂದೆರಡು ಸಲ ವ್ಯಾಕ್ಸ್ ಹಚ್ಚಿದರೆ ಸಾಕು ಅಂತ ತೀರ್ಮಾನಿಸಿದೆ.

ಕಾರು ತೊಳೆಯುವ ಬೇಸರದ ಮಧ್ಯೆ ಅಪ್ಪ ನೆನಪಾಗುತ್ತಾರೆ. ಆಯುಧ ಪೂಜೆಯ ಹಿಂದಿನ ದಿನ ಸೈಕಲ್ಲನ್ನು ಕೋಲಾರಮ್ಮನ ಕೆರೆಗೆ ತಳ್ಳಿಕೊಂಡು ಹೋಗಿ, ಮೊಣಕಾಲುದ್ದ ನೀರಿನಲ್ಲಿ ಮಲಗಿಸಿ ತೊಳೆಯುತ್ತಿದ್ದರು. ಆಚೆ ಯಾರೋ ಎತ್ತು ತೊಳೆಯುತ್ತಿರುತ್ತಿದ್ದರು. ಮಳೆ ನೀರು, ಅದರಲ್ಲಿ ಉಪ್ಪೆಲ್ಲಿಂದ ಬರಬೇಕು? ಸೈಕಲ್ ದಡದಲ್ಲಿ ಹಾಗೇ ಆರುತ್ತಿತ್ತು, ಒಂದು ಕಲೆ ಇಲ್ಲ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವರೂ ಅಲ್ಲೇ ಈಜು ಕಲಿತವರಂತೆ. ಈಗ ಬೆಟ್ಟಗಳನ್ನು ಪುಡಿ ಮಾಡಿದ ಧೂಳು ಮನೆ ಬಾಗಿಲಿಗೇ ಬರುತ್ತದೆ, ಮೇಷ್ಟ್ರು ಅದೇ ಧೂಳಿನಲ್ಲಿ ಬೆಟ್ಟ ಬರೆಯುತ್ತಾರೆ. ಅಷ್ಟು ಯೋಚನೆ ಬಂದಮೇಲೆ ಜಗಳ ಆಡುವುದು ಹೇಗೆ?

ಕವರ್ ತಂದು ಹೊದಿಸಿ ನೋಡಿದೆ. ಧೂಳಿರುವ ಕಾರಿಗೆ ಕವರ್ ಹಾಕಿದರೆ ಗಾಳಿಗೆ ಅದೇ ಉಜ್ಜಿ ಉಜ್ಜಿ ಗೀರು ಮಾಡುತ್ತದೆ. ದಿನಾ ತೊಳೆದು ಹೊದಿಸೋಣ ಅಂದರೆ ಮತ್ತೆ ನೀರಿನ ಕಥೆ. ಮೇಷ್ಟ್ರೂ ಬೇಜಾರು ಮಾಡಿಕೊಂಡರು. "ಬಟ್ಟೆ ಮೇಲೆ ಗೆರೆ ಕೂರಲ್ಲಪ್ಪ, ತೆಗೆದುಬಿಡು" ಅಂದರು.

ಕೊನೆಗೆ ರಾಜಿ ಆಯಿತು. "ಮೇಷ್ಟ್ರೇ, ಬರೆಯಲೇಬೇಕು ಅಂದ್ರೆ ಹಿಂದಿನ ಗ್ಲಾಸ್ ಮೇಲೆ ಬರೀರಿ. ಗ್ಲಾಸಿಗೆ ಅಷ್ಟು ಬೇಗ ಗೀರು ಬೀಳಲ್ಲ" ಅಂದೆ. ತಕ್ಷಣ ಒಪ್ಪಿಕೊಂಡರು, ಮಾತಿನ ಮನುಷ್ಯ. ಇವತ್ತು ಬೆಳಿಗ್ಗೆ ನೋಡಿದೆ. ಕೋಲಾರಮ್ಮನ ಕೆರೆ ಬರೆದಿದ್ದಾರೆ, ಎತ್ತು, ಸೈಕಲ್ ಎಲ್ಲ ಇದೆ. ಆದರೆ ಗ್ಲಾಸ್ ಚಿಕ್ಕದಲ್ವಾ, ಜಾಗ ಸಾಲದೆ ಕೆರೆ ಕೋಡಿ ಬಿದ್ದು ಡಿಕ್ಕಿಯ ಮೇಲೆ ಇಳಿದು, ನಂಬರ್ ಪ್ಲೇಟ್‌ವರೆಗೂ ಹರಿದಿದೆ.