ಸತ್ಯಾಂಶ: ಪಂದಿ ಕರಿ ಮೇಲೆ ಮಜ್ಜಿಗೆ ಕುಡಿದರೆ ಕೊಲೆಸ್ಟ್ರಾಲ್ ಮಾಯವಾಗುತ್ತಾ?

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಪಂದಿ ಕರಿ ತಿಂದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಅದರ ಬ್ಯಾಕ್ಟೀರಿಯಾ ಕೊಲೆಸ್ಟ್ರಾಲ್ ತಿಂದು ಹಾಕುತ್ತದೆ, ಮಾತ್ರೆ ಬೇಡ." ಇದು ಪೂರ್ತಿ ಕಟ್ಟುಕಥೆಯಲ್ಲ. ಆದರೆ ನಡೆಯುವುದು ಬೇರೆ.

ನಮ್ಮ ಲಿವರ್ ಕೊಲೆಸ್ಟ್ರಾಲ್‌ನಿಂದಲೇ ಪಿತ್ತದ ಲವಣ ಮಾಡುತ್ತದೆ. ಪಂದಿ ಕರಿ ಪಾತ್ರೆ ತೊಳೆಯುವಾಗ ನೋಡಿದ್ದೀರಲ್ಲ? ಬರೀ ತಣ್ಣೀರಿಗೆ ಜಿಡ್ಡು ಜಗ್ಗುವುದಿಲ್ಲ, ಸೋಪು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಕರುಳಿನಲ್ಲಿ ಆ ಸೋಪಿನ ಕೆಲಸ ಈ ಲವಣದ್ದು. ಕೆಲಸ ಮುಗಿದ ಮೇಲೆ ಸುಮಾರು 95% ಲಿವರ್‌ಗೆ ವಾಪಸ್.

ಈ ಲವಣಕ್ಕೆ ಗ್ಲೈಸೀನ್ ಅಥವಾ ಟಾರೀನ್ ಎಂಬ ಬಾಲ ಅಂಟಿರುತ್ತದೆ. ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳ ಕೆಲವು ತಳಿಗಳ ಕಿಣ್ವ ಆ ಬಾಲವನ್ನು ಕತ್ತರಿಸುತ್ತದೆ. ಬಾಲ ಹೋದ ಪಿತ್ತ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಒಂದಷ್ಟು ಜಾಸ್ತಿ ಮಲದಲ್ಲಿ ಹೊರಹೋಗುತ್ತದೆ. ಕಳೆದದ್ದನ್ನು ತುಂಬಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಚೆಂದದ ಲೆಕ್ಕಾಚಾರ ಅಲ್ವಾ? ನನಗಂತೂ ಓದಿದಾಗಲೆಲ್ಲ ಆಶ್ಚರ್ಯ.

ಆದರೆ ಈ ವಿದ್ಯೆ ಎಲ್ಲ ತಳಿಗೂ ಬರುವುದಿಲ್ಲ. ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂದು ನೋಡಿ ಹೇಳಲಾಗದು, ಅದು ಮನೆಯಿಂದ ಮನೆಗೆ ಬೇರೆ. ಆರಿಸಿದ ತಳಿಗಳನ್ನು ವಾರಗಟ್ಟಲೆ ಕೊಟ್ಟ ಪ್ರಯೋಗಗಳಲ್ಲೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿದದ್ದು ಸ್ವಲ್ಪ, ಕೆಲವದರಲ್ಲಿ ಇಳಿದೇ ಇಲ್ಲ. ಒಂದು ಊಟಕ್ಕೆ ಒಂದು ಲೋಟ ಎಂಬ ಲೆಕ್ಕ ಸುಮ್ನೆ.

ಮಜ್ಜಿಗೆಯನ್ನು ಧಾರಾಳವಾಗಿ ಕುಡಿಯಿರಿ, ಹೊಟ್ಟೆಗೆ ಹಿತ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ದಯವಿಟ್ಟು. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ಲನ್ನು ಸಾಮಾನ್ಯವಾಗಿ 30ರಿಂದ 50% ಇಳಿಸುತ್ತದೆ.