ರೇಟು ಬಂದ ವರ್ಷದ ಸಂಸಾರ

ರಾಜ್ಯದ ಏಳನೇ ವೇತನ ಆಯೋಗದ ಸಂಬಳ ಕೈಗೆ ಬಂದಾಗಿನಿಂದ ನಮ್ಮ ಸರ್ಕಾರಿ ಶಾಲೆ ಸ್ಟಾಫ್ ರೂಮಿನ ಮಾತುಕತೆಯೇ ಬೇರೆ ಆಗಿಬಿಟ್ಟಿದೆ. ಮೊದಲೆಲ್ಲ ಟೀ ಹೊತ್ತಿಗೆ ತುಟ್ಟಿಭತ್ಯೆ ಯಾವಾಗ, ವರ್ಗಾವಣೆ ಕೌನ್ಸೆಲಿಂಗ್ ಯಾವಾಗ ಅನ್ನೋದೇ ಸುದ್ದಿ. ಈಗ ಕಾರು ಸನ್‌ರೂಫ್ ಇರೋದು ತಗೊಳ್ಳೋದಾ, ಇಲ್ಲದ್ದು ತಗೊಳ್ಳೋದಾ ಅಂತ ಚರ್ಚೆ. (ಮಲೆನಾಡಲ್ಲಿ ಸನ್‌ರೂಫ್! ಜೂನ್ ಹಿಡಿದು ನಾಲ್ಕು ತಿಂಗಳು ಅದನ್ನ ತೆಗೆದು ಎಂತ ನೋಡ್ತಾರೋ ನಂಗಂತೂ ಗೊತ್ತಿಲ್ಲ.)

ಬಂದದ್ದೆಷ್ಟು ಅಂತ ಕೂತು ಲೆಕ್ಕ ಹಾಕಿದವರು ಕಡಿಮೆ. 2024ರ ಆಗಸ್ಟ್ 1ರಿಂದ ಮೂಲವೇತನ ಶೇ. 58.5 ಏರಿತು ಅಂತ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಅದರಲ್ಲಿ 31 ತುಟ್ಟಿಭತ್ಯೆಯಾಗಿ ಮೊದಲಿಂದಲೂ ಬರುತ್ತಿದ್ದದ್ದೇ, ಅದನ್ನು ಬೇಸಿಕ್‌ಗೆ ಸೇರಿಸಿದರು ಅಷ್ಟೆ. ಉಳಿದ 27.5ರಲ್ಲಿ 17 ಮಧ್ಯಂತರ ಪರಿಹಾರ ಅಂತ 2023ರ ಏಪ್ರಿಲ್‌ನಿಂದಲೇ ಜೇಬಿಗೆ ಬೀಳುತ್ತಿತ್ತು. ಹಾಗಾಗಿ ಹೊಸದಾಗಿ ಸೇರಿದ್ದು ಹಳೇ ಬೇಸಿಕ್‌ನ ಹತ್ತೂವರೆ ಪರ್ಸೆಂಟು, ಅದರ ಮೇಲೆ ಭತ್ಯೆಗಳಲ್ಲಿ ಒಂದಿಷ್ಟು. ಹಳೇ ಬೇಸಿಕ್ 40 ಸಾವಿರ ಇದ್ದವರಿಗೆ ಹತ್ತೂವರೆ ಪರ್ಸೆಂಟ್ ಅಂದ್ರೆ 4,200 ರೂಪಾಯಿ. ಅದೇ ಜನ 12 ಲಕ್ಷ ಕಾರು ಸಾಲ ತೆಗೀತಾರೆ. ಒಂಬತ್ತೂವರೆ ಪರ್ಸೆಂಟ್ ಬಡ್ಡಿ, ಏಳು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 19,600. ಕೊನೆಗೆ ಕಟ್ಟಿದ ಬಡ್ಡಿಯೇ ನಾಲ್ಕೂವರೆ ಲಕ್ಷದ ಹತ್ತಿರ. 4,200 ಬಂತು, 19,600 ಹೋಯ್ತು. ಶೋರೂಮಿನ ಮೆಟ್ಟಿಲು ಹತ್ತುವಾಗ ತಲೆಯಲ್ಲಿ ಇದ್ದದ್ದು ಮಾತ್ರ ಪೇಪರಿನ ಆ 58.5.

ಅಡಿಕೆ ಬೆಳೆಯೋ ಮನೆಯಲ್ಲಿ ಹುಟ್ಟಿದ್ದಕ್ಕೋ ಏನೋ, ಇದನ್ನು ನೋಡಿದಾಗೆಲ್ಲ ನನಗೆ 2014ರ ತೀರ್ಥಹಳ್ಳಿ ಕಡೆಯ ಊರುಗಳು ನೆನಪಾಗುತ್ತವೆ. ಆ ವರ್ಷ ಶಿವಮೊಗ್ಗ ಮಾರ್ಕೆಟ್ಟಿನಲ್ಲಿ 'ರಾಶಿ' ಅನ್ನೋ ದರ್ಜೆಯ ಅಡಿಕೆ ಕ್ವಿಂಟಾಲಿಗೆ 70 ಸಾವಿರ ದಾಟಿತ್ತು. ಊರೂರಲ್ಲಿ ಜೆಸಿಬಿ ಸದ್ದು. ಹೆಂಚಿನ ಮನೆ ಕೆಡವಿ ಆರ್‌ಸಿಸಿ, ಜಗುಲಿ ಇದ್ದಲ್ಲಿ ಕಾರ್ ಪೋರ್ಚು. ಎರಡು ವರ್ಷ ಕಳೆಯೋದರೊಳಗೆ ರೇಟು 30 ಸಾವಿರದ ಕೆಳಗೆ ಬಂದು ಕೂತಿತು. ಮನೆ ಮಾತ್ರ ಚಿಕ್ಕದಾಗಲಿಲ್ಲ. ನಮ್ಮ ಕಡೆ ಒಂದು ಮನೆ ಇದೆ, ಯಾರದ್ದು ಅಂತ ಹೇಳಲ್ಲ. ಮೇಲಿನ ಮಹಡಿಯಲ್ಲಿ ನಾಲ್ಕು ರೂಮು, ಎಲ್ಲಕ್ಕೂ ಅಟ್ಯಾಚ್ಡ್ ಬಾತ್‌ರೂಮು, ಹಾಲಿಗೆ ಪಿಓಪಿ ಸೀಲಿಂಗು. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಗಂಡ ಹೆಂಡತಿ ಇಬ್ಬರೇ ಕೆಳಗಿನ ಒಂದು ಕೋಣೆಯಲ್ಲಿ ಮಲಗೋದು. ಪಿಓಪಿ ಮಳೆಗಾಲದ ತಂಡಿಗೆ ಹಸಿರಾಗಿ, ಅಲ್ಲಲ್ಲಿ ಉಬ್ಬಿ, ಒಂದು ಮೂಲೆ ಕಳಚಿ ಬಿದ್ದಿದೆ. ಮೇಲಿನ ರೂಮಲ್ಲಿ ಸುಲಿದ ಅಡಿಕೆಯ ಚೀಲ ಪೇರಿಸಿದ್ದಾರೆ. ಇಟಾಲಿಯನ್ ಮಾರ್ಬಲ್ ಮೇಲೆ ಅಡಿಕೆ ಚೊಗರಿನ ಕಲೆ. ಮಂಡಿಯಲ್ಲಿ ತಂದ ಮುಂಗಡ ತೀರಿದೆಯೋ ಇಲ್ಲವೋ ಅವರನ್ನು ಕೇಳೋ ಧೈರ್ಯ ಯಾರಿಗೂ ಇಲ್ಲ.

ನಮ್ಮಪ್ಪನೂ ಆ ವರ್ಷ ಅಡಿಕೆ ಮಾರಿದವರೇ. ಮಂಡಿಯವರು ಕೊಟ್ಟ ಪಟ್ಟಿಯನ್ನು ತಿರುಗಿಸಿ ಅದರ ಬೆನ್ನಿಗೇ ವರ್ಷದ ಖರ್ಚು ಬರೆಯೋದು ಅವರ ಅಭ್ಯಾಸ. ಅಕ್ಕಿ, ಮೈಲುತುತ್ತ, ಸುಣ್ಣ, ಔಷಧಿ ಹೊಡೆಯೋರ ಕೂಲಿ, ಅಡಿಕೆ ಕೊನೆ (ಗೊನೆ) ತೆಗೆಯೋರ ಕೂಲಿ, ಸುಲಿಯೋರ ಕೂಲಿ, ಶ್ರಾದ್ಧ, ಮದುವೆ ಮುಯ್ಯಿ, ಆಮೇಲೆ ಕೊನೇ ಸಾಲಲ್ಲಿ 'ಇತರೆ'. ಈ ಖರ್ಚಿಗೆ ಅವರು ಹಿಡೀತಿದ್ದ ರೇಟು ಯಾವತ್ತೂ ಆ ವರ್ಷದ್ದಲ್ಲ, ತಾವು ಕಂಡ ಕೆಟ್ಟ ವರ್ಷದ್ದು. "ಕೊಳೆ ರೋಗ ರೇಟು ಕೇಳ್ಕಂಡು ಬರತ್ತಾ?" ಅನ್ನೋರು. ಅಡಿಕೆಗೆ ಕೊಳೆ ಬಂದ ವರ್ಷವೂ ಬೋರ್ಡೋ ದ್ರಾವಣ ಹೊಡೀಬೇಕು, ಹೊಡೆದವರಿಗೆ ಕೂಲಿ ಕೊಡಬೇಕು, ಮನೆಯವರು ಉಣ್ಣಬೇಕು. ಕೆಟ್ಟ ವರ್ಷದ ರೇಟಿಗೆ ಸಂಸಾರ ಕೂತರೆ ಒಳ್ಳೇ ವರ್ಷದ ಹೆಚ್ಚುವರಿ ತನ್ನಷ್ಟಕ್ಕೆ ಉಳಿಯುತ್ತೆ. ಅದು ತೋಟಕ್ಕೆ ಹೋಯ್ತು: ಕಪ್ಪು (ತೋಟದ ನೀರು ಹೋಗೋ ಕಾಲುವೆ) ತೆಗೆಸಿ ಮಣ್ಣು ಹಾಕಿಸಿದ್ದು, ಸತ್ತ ಮರದ ಜಾಗಕ್ಕೆ ಸಸಿ ನೆಟ್ಟಿದ್ದು, ಪಂಪ್‌ಸೆಟ್ಟು.

ಸಂಬಳದವರಾದ ನಮಗೆ ಈ ಭಯ ಇಲ್ಲ. ಪ್ರತಿ ತಿಂಗಳೂ ಬರೋ ದುಡ್ಡಿಗೆ ಕೊಳೆ ರೋಗ ಇಲ್ಲ, ಎಲೆಚುಕ್ಕೆ ಇಲ್ಲ. ಆ ಭಯ ಇಲ್ಲದ್ದೇ ನಮ್ಮ ಕೈ ಸಡಿಲ ಮಾಡಿರೋದು ಅನ್ನೋದು ನನ್ನ ಅನುಮಾನ. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಆಗಾಗ ತುಟ್ಟಿಭತ್ಯೆ, ಮಧ್ಯೆ ಒಂದು ಬಡ್ತಿ. ಮುಂದಿನ ತಿಂಗಳು ಹೆಚ್ಚೇ ಬರುತ್ತೆ ಅನ್ನೋ ಗಟ್ಟಿ ನಂಬಿಕೆಯಲ್ಲಿ ಇವತ್ತೇ ಖರ್ಚು ಏರಿಸ್ತೀವಿ.

ಒಂದ್ಸಲ ಆಗಿ ಮುಗಿಯೋ ಖರ್ಚಿನ ಬಗ್ಗೆ ನನಗೆ ತಕರಾರಿಲ್ಲ. ಮಕ್ಕಳನ್ನು ಕರ್ಕೊಂಡು ಹಂಪಿ ನೋಡಿ ಬಂದ್ರಿ, ಒಳ್ಳೇದು, ಆ ದುಡ್ಡು ಅಲ್ಲಿಗೆ ಮುಗೀತು. ಹೆದರಬೇಕಾದ್ದು ಬಾಲ ಇರೋ ಖರ್ಚಿಗೆ. ಕಾರು ಬಂದ್ರೆ ಇನ್ಶೂರೆನ್ಸು, ಸರ್ವೀಸು, ಪೆಟ್ರೋಲು. ಕಾರು ಇದೆಯಲ್ಲ ಅಂತ ಭಾನುವಾರ ಹೊರಗೆ ಊಟ. ಮಾಡ್ಯುಲರ್ ಕಿಚನ್ ಬಂದ್ರೆ ಹಳೇ ಗ್ಯಾಸ್ ಸ್ಟೌ ಅಲ್ಲಿ ಚೆಂದ ಕಾಣಲ್ಲ, ಹೊಸದು ಬೇಕು, ಮೇಲೊಂದು ಚಿಮಣಿ ಬೇಕು. ಇವೆಲ್ಲಕ್ಕಿಂತ ಉದ್ದನೆ ಬಾಲ ಶಾಲೆ ಫೀಸಿನದ್ದು. ಸಂಬಳ ಏರಿತು ಅಂತ ಇದ್ದ ಶಾಲೆ ಬಿಡಿಸಿ ಎರಡು ಪಟ್ಟು ಫೀಸಿನ ಕಡೆ ಹಾಕಿದರೆ ಕಾರಿನ ಹಾಗೆ ಮಾರಿ ಕೈತೊಳೆದುಕೊಳ್ಳೋಕೆ ಆಗಲ್ಲ. ಮಗುವಿಗೆ ಅಲ್ಲಿ ಗೆಳೆಯರಾಗಿರ್ತಾರೆ, ಪ್ರತಿ ಜೂನ್‌ಗೆ ಫೀಸು ಏರುತ್ತೆ, ಎಸ್ಸೆಸ್ಸೆಲ್ಸಿ ಮುಗಿಯೋ ತನಕ ನೀವು ಆ ಶಾಲೆಯ ಕಂತಿನ ಗಿರಾಕಿ. ಸರ್ಕಾರಿ ಶಾಲೆ ಮೇಷ್ಟ್ರುಗಳಾದ ನಾವೇ ಇದನ್ನು ಮಾಡೋದು ನೋಡಿದ್ರೆ ನಗು ಬರುತ್ತೆ, ಇರಲಿ, ಅದು ಬೇರೆಯೇ ಜಗಳ.

ಲೆಕ್ಕ ಇನ್ನೊಂದು ಥರ ಹಾಕಿ ನೋಡಿ. ಇಬ್ಬರಿಗೆ ಕೈಗೆ ಬರೋದು 60 ಸಾವಿರ. ಒಬ್ಬಾಕೆ 55 ಖರ್ಚು ಮಾಡಿ 5 ಉಳಿಸ್ತಾಳೆ. ಇನ್ನೊಬ್ಬಾಕೆ 40 ಖರ್ಚು ಮಾಡಿ 20 ಉಳಿಸ್ತಾಳೆ. ನಾಲ್ಕು ಪಟ್ಟು ವ್ಯತ್ಯಾಸ ಅನ್ಕೋತೀವಿ. ಅಲ್ಲ. ಎರಡನೆಯವಳು ಒಂದು ತಿಂಗಳು ದುಡಿದರೆ ತನ್ನದೇ ಖರ್ಚಿನಲ್ಲಿ ಹದಿನೈದು ದಿನ ಕೂತು ಉಣ್ಣಬಹುದು. ಮೊದಲನೆಯವಳು ಒಂದು ತಿಂಗಳು ದುಡಿದರೆ ಮೂರು ದಿನಕ್ಕೂ ಸಾಲದು, ಯಾಕಂದ್ರೆ ಅವಳ ಒಂದೊಂದು ದಿನವೇ ದುಬಾರಿ. ಖರ್ಚು ಏರಿಸಿದಾಗ ಆಗೋದು ಎರಡು ಕಡೆಯ ಪೆಟ್ಟು: ಉಳಿಯೋದು ಕಡಿಮೆ ಆಗುತ್ತೆ, ಮುಂದೆ ಬೇಕಾಗೋ ಗಂಟು ದೊಡ್ಡದಾಗುತ್ತೆ. ನಿವೃತ್ತಿ ವಿಷಯಕ್ಕೆ ಬಂದ್ರೆ ಇದು ತಮಾಷೆ ಅಲ್ಲ. 2006ರ ಏಪ್ರಿಲ್ 1ರ ಮೇಲೆ ನೌಕರಿಗೆ ಸೇರಿದ ನಾವೆಲ್ಲ ಎನ್‌ಪಿಎಸ್‌, ಅಂದ್ರೆ ಹೊಸ ಪಿಂಚಣಿ ಯೋಜನೆಯವರು. ನಮ್ಮದು ಹತ್ತು ಪರ್ಸೆಂಟು, ಸರ್ಕಾರದ್ದು ಹದಿನಾಲ್ಕು, ಮಾರುಕಟ್ಟೆ ಕೊಟ್ಟಷ್ಟು ಗಂಟು. ನಮ್ಮ ಹಿರಿಯರ ಹಾಗೆ ಕೊನೇ ಸಂಬಳದ ಅರ್ಧ ಪಿಂಚಣಿಯಾಗಿ ಬರುತ್ತೆ ಅನ್ನೋ ಖಾತ್ರಿ ನಮಗಿಲ್ಲ. ಒಪಿಎಸ್ (ಹಳೇ ಪಿಂಚಣಿ) ಬೇಕು ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಕೂತು ಬರೋಣ, ಅದು ನ್ಯಾಯವಾದ ಬೇಡಿಕೆಯೇ. ಅದು ಬರೋ ತನಕ 55 ಸಾವಿರದ ಬದುಕಿಗೆ ಒಗ್ಗಿಕೊಂಡವರ ಅರವತ್ತನೇ ವರ್ಷ ಹೇಗಿರುತ್ತೆ ಅಂತಾನೂ ಯೋಚಿಸೋಣ.

ಹಾಗಂತ ಹಳೇ ಕಾಲದ ಮಲೆನಾಡ ಮನೆಗಳ ಮಿತವ್ಯಯವನ್ನು ಹೊಗಳಿ ಅಟ್ಟಕ್ಕೇರಿಸೋರ ಜೊತೆ ನಾನಿಲ್ಲ. ಆ ಮಿತವ್ಯಯದ ಬಹುಪಾಲು ಹೆಂಗಸರ ಬೆನ್ನ ಮೇಲೆ ನಡೀತಿತ್ತು. ಆಷಾಢದಲ್ಲಿ ಬಟ್ಟೆ ಒಣಗಲ್ಲ. ಅಮ್ಮ ಬಚ್ಚಲ ಒಲೆ ಮೇಲೆ ಗಳು ಕಟ್ಟಿ ಒದ್ದೆ ಬಟ್ಟೆ ಹರವಿ, ರಾತ್ರಿ ಎದ್ದು ತಿರುವಿ ಹಾಕೋರು. ಬೆಳಗ್ಗೆ ನಮ್ಮ ಯೂನಿಫಾರಂ ತುಂಬ ಹೊಗೆ ವಾಸನೆ. ವಾಷಿಂಗ್ ಮೆಷಿನ್ ಮಾತು ಬಂದಾಗ ಕೆಟ್ಟ ವರ್ಷದ ರೇಟು ಹಿಡಿಯೋ ನಮ್ಮಪ್ಪನೇ "ಎಂತಕ್ಕೆ? ಇಷ್ಟು ದಿನ ನಡೀಲಿಲ್ವಾ?" ಅಂದಿದ್ದರು. ನಡೀತು, ಅಮ್ಮನ ಸೊಂಟದ ಮೇಲೆ ನಡೀತು. ನಾನು ಕೆಲಸಕ್ಕೆ ಸೇರಿ ದುಡ್ಡು ಕೂಡಿಟ್ಟು ಊರಿಗೆ ಮೊದಲು ತಗೊಂಡು ಹೋಗಿದ್ದೇ ವಾಷಿಂಗ್ ಮೆಷಿನ್. ಸಂಬಳ ಏರಿದಾಗ ಮನೆಯಲ್ಲಿ ಯಾರ ಕೆಲಸ ಹಗುರ ಆಗುತ್ತೆ ಅಂತ ನೋಡಿ ಖರ್ಚು ಮಾಡಿದರೆ ಅದು ದುಂದು ಅಲ್ಲ. ಆರೋಗ್ಯ ವಿಮೆಯೂ ಅಷ್ಟೆ. ಹಲ್ಲು ನೋವಿಗೆ ಲವಂಗ ಇಟ್ಟುಕೊಂಡು ಆರು ತಿಂಗಳು ಕೂರೋದು ಉಳಿತಾಯ ಅಲ್ಲ, ಜಿಪುಣತನ.

ಇನ್ನೊಂದು ಮಾತು. ನಮ್ಮದೇ ಸ್ಟಾಫ್ ರೂಮಲ್ಲಿ ಅತಿಥಿ ಶಿಕ್ಷಕರು ಇದ್ದಾರೆ. ನಾವು ಮಾಡೋ ಪಾಠವನ್ನೇ ಮಾಡಿ ತಿಂಗಳಿಗೆ 10-12 ಸಾವಿರದ ಆಸುಪಾಸಿನಲ್ಲಿ, ಅದೂ ಹೊತ್ತಿಗೆ ಸರಿಯಾಗಿ ಬರದೆ, ಬದುಕು ತಳ್ಳೋರು. ಅವರ ಮುಂದೆ ಉಳಿತಾಯದ ಉಪದೇಶ ಮಾಡೋದು ಅವಮಾನ. ನಾನು ಬರೀತಿರೋದು ತಿಂಗಳ ಕೊನೆಗೆ ಏನಾದ್ರೂ ಉಳೀಬೇಕಾಗಿದ್ದು ಉಳಿಯದೆ ಇರೋರ ಬಗ್ಗೆ ಮಾತ್ರ.

ನಾವು ಏನು ಮಾಡ್ತೀವಿ ಅಂತ ಕೇಳೋರಿಗೆ: ದೊಡ್ಡ ಗುಟ್ಟೇನಿಲ್ಲ. ಏರಿಕೆ ಆದ ತಿಂಗಳೇ, ಆ ದುಡ್ಡು ಕಣ್ಣಿಗೆ ಬೀಳೋ ಮುಂಚೆ, ಅದರ ಅರ್ಧದಷ್ಟಕ್ಕೆ ಪೋಸ್ಟಾಫೀಸಲ್ಲಿ ಹೊಸ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಠೇವಣಿ) ತೆರೆಯೋದು. ಮಿಕ್ಕ ಅರ್ಧ ಮನೆಗೆ, ಅದಕ್ಕೆ ಲೆಕ್ಕ ಕೇಳಲ್ಲ. ವರ್ಷದ ಕೊನೆಗೆ ಆದಷ್ಟು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ. ಆರ್‌ಡಿಗೆ 6.7, ಪಿಪಿಎಫ್‌ಗೆ 7.1 ಪರ್ಸೆಂಟ್ ಬಡ್ಡಿ. ಇದಕ್ಕಿಂತ ಜಾಣತನದ ದಾರಿ ಇವೆ ಅಂತ ನಮ್ಮ ಮನೆಯವರು ಮ್ಯೂಚುಯಲ್ ಫಂಡ್ ತೋರಿಸ್ತಾರೆ, ಅವರ ಪಾಲಿನದ್ದು ಅಲ್ಲಿಗೆ ಹೋಗುತ್ತೆ, ಜಗಳ ಇಲ್ಲ. ಎಲ್ಲಿ ಇಟ್ಟಿರಿ ಅನ್ನೋದು ಎರಡನೇ ಮಾತು, ಇಡೋಕೆ ಮೊದಲು ಉಳೀಬೇಕಲ್ಲ.

ಕಷ್ಟ ಆಗೋದು ಲೆಕ್ಕದಲ್ಲಲ್ಲ, ಮದುವೆ ಮನೆಯಲ್ಲಿ. ಹೋದ ತಿಂಗಳು ಕನ್ವೆನ್ಷನ್ ಹಾಲಿನ ಪಾರ್ಕಿಂಗಲ್ಲಿ ನಮ್ಮ ದೊಡ್ಡತ್ತೆ ನನ್ನ ಸ್ಕೂಟರ್ ನೋಡಿ, "ಇಬ್ರೂ ದುಡಿತೀರಿ, ಇನ್ನೂ ಇದರಲ್ಲೇ ಬರ್ತೀಯಲ್ಲೇ ಮಾರಾಯ್ತಿ, ರೇಷ್ಮೆ ಸೀರೆ ಉಟ್ಕಂಡು!" ಅಂದ್ರು. ಸುತ್ತ ಇದ್ದೋರು ನಕ್ಕರು, ನಾನೂ ನಕ್ಕೆ. "ಸೀರೆ ಮಡಚಿ ಕೂತ್ರೆ ಆಯ್ತಪ್ಪಾ ದೊಡ್ಡತ್ತೆ" ಅಂದೆ. ಆಮೇಲೆ ಊಟದ ಪಂಕ್ತಿಯಲ್ಲಿ ಅದೇ ದೊಡ್ಡತ್ತೆ ಪಕ್ಕ ಕೂತು, ದನಿ ತಗ್ಗಿಸಿ, "ನಿನ್ನತ್ರ ಒಂದು ಐವತ್ತು ಸಾವಿರ ಆಗ್ತದಾ, ಅಡಿಕೆ ಮಾರಿದ ಕೂಡ್ಲೆ ಕೊಡ್ತೇನೆ" ಅಂತ ಕೇಳಿದ್ದನ್ನ ಹೇಳಬಾರದು, ಆದ್ರೂ ಹೇಳಿದೆ.

ಕಾರು ತಗೊಂಡವರ ಮೇಲೆ ಹೊಟ್ಟೆಕಿಚ್ಚಾ ಅಂತ ಕೇಳೋರಿಗೆ ಮೊದಲೇ ಉತ್ತರ: ಸ್ವಲ್ಪ ಇದೆ, ಮಳೇಲಿ ಬಿ.ಎಚ್. ರೋಡ್ ದಾಟುವಾಗ ಜಾಸ್ತಿ ಆಗುತ್ತೆ. ನಾವೂ ಹುಡುಕ್ತಾ ಇದ್ದೀವಿ. ಸೆಕೆಂಡ್ ಹ್ಯಾಂಡ್, ನಾಲ್ಕು ಲಕ್ಷದ ಒಳಗೆ, ಸಾಲ ಇಲ್ಲದೆ. ಶಿವಮೊಗ್ಗ ಸುತ್ತಮುತ್ತ ಒಬ್ಬರೇ ಓಡಿಸಿದ ಒಳ್ಳೇ ಗಾಡಿ ಇದ್ರೆ ತಿಳಿಸಿ. ಪೆಟ್ರೋಲ್ ಆದ್ರೆ ಒಳ್ಳೇದು, ಹೊಳೆ ನೀರು ಹೊಕ್ಕಿದ್ದು ಬೇಡ, ಸನ್‌ರೂಫ್ ಇದ್ರೆ ರೇಟು ಕಡಿಮೆ ಮಾಡ್ಕೊಂಡು ಕೊಡಿ.