ಜಮಖಾನ ಹಾಸೋಕೆ ಬೀಗರೇ ಬರಬೇಕಾ?

ಶ್ರಾವಣದಲ್ಲಿ ಹುಬ್ಬಳ್ಳಿಗೆ ಬಂದಿದ್ದೆ. ಅಣ್ಣ ಹೊಸ ಮನೆ ಕಟ್ಟಿಸಿದ್ದ, ಒಳಗಿನ ಕೆಲಸ ನಡೆದಿತ್ತು. ಇನ್ನೂ ಚಹಾ ಕೂಡ ಕುಡಿದಿರಲಿಲ್ಲ, ಫೋನ್ ತೆಗೆದು ಮುಖಕ್ಕೆ ಹಿಡಿದ.

'ಇದನ್ನ ನೋಡು. ಟೀವಿ ಹಿಂದಿನ ಗ್ವಾಡಿಗೆ ಹೆಂಗ ಕಾಣ್ತೈತಿ?'

ಬಿಳಿ ಬೋರ್ಡಿನ ಮೇಲೆ ದುಂಡನೆಯ ಕನ್ನಡಿ ಚೂರು ಅಂಟಿಸಿದ ಒಂದು ನವಿಲು. ಲಿಪ್ಪನ್ ಆರ್ಟ್ ಅಂತೆ. ಆನ್‌ಲೈನಲ್ಲಿ ಕಿಟ್ ಸಿಗುತ್ತದಂತೆ. ಬೋರ್ಡು, ಕನ್ನಡಿ, ಮೆತ್ತೋಕೆ ರೆಡಿ ಹಿಟ್ಟು, ಎಲ್ಲ ಒಂದೇ ಡಬ್ಬಿಯಲ್ಲಿ.

'ನಿಮ್ಮ ಗುಜರಾತದ್ದ ಐತಿ. ನಿಂಗ ಖುಷಿ ಆಗ್ಲಿ ಅಂತ' ಅಂದ.

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನಾನು ಅಹಮದಾಬಾದಿಗೆ ಹೋಗಿ 14 ವರ್ಷ ಆಯಿತು. ಮನೆಗಳ ಇಂಟೀರಿಯರ್ ಕೆಲಸ ಮಾಡಿಸೋದೇ ನನ್ನ ಹೊಟ್ಟೆಪಾಡು. ಹುಬ್ಬಳ್ಳಿಯಿಂದ ಒಂದು ತಾಸು ಬಸ್ಸಿನಲ್ಲಿ ಕೂತರೆ ನವಲಗುಂದ. ಊರಿನ ಹೆಸರಿನಲ್ಲೇ ನವಿಲಿದೆ, ಅಲ್ಲಿಯ ಜಮಖಾನದಲ್ಲೂ ನವಿಲಿದೆ. ಅದನ್ನು ಬಿಟ್ಟು ಇವನು ಕಚ್ಛದ ನವಿಲನ್ನು ಡಬ್ಬಿಯಲ್ಲಿ ತರಿಸುತ್ತಿದ್ದಾನೆ.

ಲಿಪ್ಪನ್ ಕೆಲಸವನ್ನು ಅದರ ಊರಲ್ಲೇ ನೋಡಿದವನು ನಾನು. ಕಚ್ಛದ ಬನ್ನಿ ಕಡೆಯ ಹಳ್ಳಿಗಳಲ್ಲಿ ಭುಂಗಾ ಅನ್ನುವ ದುಂಡನೆಯ ಮಣ್ಣಿನ ಮನೆಗಳಿವೆ. 2001ರ ಜನವರಿ 26ರ ಭೂಕಂಪದಲ್ಲಿ ಸಿಮೆಂಟಿನ ಕಟ್ಟಡಗಳು ಕುಸಿದಾಗಲೂ ಎಷ್ಟೋ ಭುಂಗಾಗಳು ನಿಂತಿದ್ದವು. ಅವುಗಳ ಒಳಗೋಡೆಗೆ ಹೆಂಗಸರು ಮಣ್ಣು, ಸಗಣಿ ಕಲೆಸಿ, ಬೆರಳಲ್ಲೇ ಶಾವಿಗೆಯಂತೆ ಹೊಸೆದು ಅಂಟಿಸುತ್ತಾರೆ. ಹಸಿ ಇರುವಾಗಲೇ ಕನ್ನಡಿ ಒತ್ತುತ್ತಾರೆ. ಒಂದು ಚೂರು ಬಿದ್ದರೆ ಅದೇ ಮಣ್ಣು ತಂದು ಮತ್ತೆ ಕೂರಿಸುತ್ತಾರೆ. ಗೋಡೆ ಮೆತ್ತಿದ ಕೈಯೇ ಚಿತ್ತಾರವನ್ನೂ ತಿದ್ದುತ್ತದೆ. ಅಣ್ಣನ ಕಿಟ್‌ನ ನವಿಲಿನ ಕಣ್ಣು ಕಿತ್ತು ಬಂದರೆ ಫೆವಿಕಾಲ್ ಹುಡುಕಬೇಕು.

ನಮ್ಮ ಹಳ್ಳಿ ಅಣ್ಣಿಗೇರಿ ಕಡೆ, ಎರೆಭೂಮಿ. ಅಲ್ಲಿಯ ನಮ್ಮ ಹಳೇ ಮನೆಯೂ ಮಣ್ಣಿನದೇ. ದಪ್ಪ ಗೋಡೆ, ಅದರಲ್ಲೇ ದೀಪದ ಗೂಡು, ಮೇಲೆ ತೊಲೆ, ಜಂತಿ, ಅದರ ಮೇಲೆ ಸವುಳು ಮಣ್ಣಿನ ಮಾಳಿಗೆ. ಸವುಳು ಮಣ್ಣು ಮಳೆ ಬಿದ್ದೊಡನೆ ಅಂಟಿಕೊಂಡು ಬಿಗಿದುಬಿಡುತ್ತದೆ, ನೀರು ಕೆಳಗೆ ಬಿಡೋದಿಲ್ಲ. ಆದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೊಸ ಮಣ್ಣು ಹಾಕಲೇಬೇಕು. ಆ ಬುಟ್ಟಿಗಳನ್ನು ಏಣಿ ಮೇಲೆ ಹೊತ್ತವಳು ಅವ್ವ. ಹಾಗಾಗಿ ಸಿಮೆಂಟಿನ ಮನೆ ಅಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳೂ ಅವಳೇ. ಮಣ್ಣಿನ ಮನೆ ತಂಪು ಅಂತ ಅಹಮದಾಬಾದಿನ ಎಸಿ ರೂಮಲ್ಲಿ ಕೂತು ಅವಳಿಗೆ ಪಾಠ ಹೇಳುವ ಮುಖ ನನಗಿಲ್ಲ.

ನನ್ನ ತಕರಾರು ಬೇರೆ. ಮನೆ ಕೆಡವಿದಾಗ ನಾಲ್ಕು ಸಾಗವಾನಿ ಕಂಬ, ತಲೆಬಾಗಿಲ ಚೌಕಟ್ಟು, ತೊಲೆ ಎಲ್ಲ ಸೇರಿಸಿ ಒಬ್ಬ ಕಟ್ಟಿಗೆ ವ್ಯಾಪಾರಿಗೆ 22 ಸಾವಿರಕ್ಕೆ ಕೊಟ್ಟುಬಿಟ್ಟರು. ಚೌಕಟ್ಟಿನ ಮೇಲೆ ಗಜಲಕ್ಷ್ಮಿ ಕೆತ್ತನೆ ಇತ್ತು. ಅದೇ ವರ್ಷ ಅಹಮದಾಬಾದಿನಲ್ಲಿ ನನ್ನ ಒಬ್ಬ ಗಿರಾಕಿಗೆ ಹಳೇ ಹವೇಲಿಯ ಎರಡೇ ಎರಡು ಕಂಬ ಕೊಡಿಸಿದ್ದೆ, 85 ಸಾವಿರಕ್ಕೆ. ನಮ್ಮ ಕಂಬಗಳೂ ಈಗ ಎಲ್ಲೋ ಪಾಲಿಶ್ ಕುಡಿದು, ಯಾರದ್ದೋ ಹೋಟೆಲ್ ಬಾಗಿಲಲ್ಲಿ ನಿಂತಿರಬಹುದು.

ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಣ್ಣ ಎಂಡಿಎಫ್‌ನ ಅಡುಗೆಮನೆ ಕಪಾಟು ಮಾಡಿಸಿದ. ಮಾಡಿದವರ ಹೆಸರು ಬೇಡ. ಒಂದೇ ಮಳೆಗಾಲಕ್ಕೆ ಸಿಂಕ್ ಕೆಳಗಿನ ಬಾಗಿಲು ನೀರಿಗೆ ಬಿದ್ದ ರಸ್ಕಿನ ಹಾಗೆ ಉಬ್ಬಿತು. ಕಟ್ಟಿಗೆ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಅದರಲ್ಲಿ ಸ್ಕ್ರೂ ಒಮ್ಮೆ ಸಡಿಲಾದರೆ ಮತ್ತೆ ಗಟ್ಟಿಯಾಗಿ ಕಚ್ಚೋದು ಕಷ್ಟ. ಬಡಿಗೇರ ಬಂದು ನೋಡಿ ಕೈ ಆಡಿಸಿ ಹೋದ. ತೆಗೆದು ಎಸೆಯಬೇಕು, ಅಷ್ಟೇ.

ಹೊರಗಿದ್ದು ನೋಡಿದಾಗ ನನಗೆ ಕಾಣೋದು ಇದು. ಗುಜರಾತಿನಲ್ಲಿ ಕೈಯಲ್ಲಿ ಮಾಡಿದ್ದು ಅಂದರೆ ಉಳ್ಳವರ ಗುರುತು. ನಮ್ಮಲ್ಲಿ ಇಲ್ಲದವರ ಗುರುತು. ಅಜ್ಜಿ ಹಳೇ ಸೀರೆ, ಧೋತರದ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹೋಳಿಗೆಯ ಒಂದು ಚೂರು ಇಟ್ಟು 'ಕೌದಿ ಹೊಟ್ಟಿ ತುಂಬಿಸ್ಬೇಕು' ಅನ್ನುತ್ತಿದ್ದಳು. ಆ ಕೌದಿಯನ್ನು ಬೀಗರು ಬಂದ ದಿನ ನಾವು ಮಂಚದ ಕೆಳಗೆ ತುರುಕುತ್ತಿದ್ದೆವು. ಈಗ ಅಂಥದ್ದೇ ಕೌದಿ ಅಹಮದಾಬಾದಿನ ಅಂಗಡಿಯಲ್ಲಿ ಗೋಡೆಗೆ ನೇತು ಹಾಕಿದ್ದಾರೆ. ಬೆಲೆ ಹೇಳಿದರೆ ಅಜ್ಜಿ ನಂಬುತ್ತಿರಲಿಲ್ಲ.

ಹತ್ತಿಯ ಕಥೆಯೂ ಹಾಗೇ. ಅಲ್ಲಿ 'ಕಾಲಾ ಕಾಟನ್' ಅಂತ ಕುಶನ್ ಕವರ್ ಮಾರುತ್ತಾರೆ. ಮಳೆ ನೀರಲ್ಲೇ ಬೆಳೆಯುವ ಕಚ್ಛದ ನಾಡು ಹತ್ತಿ, ಗಿಡ್ಡ ಎಳೆ, ಕೈಮಗ್ಗದ ಬಟ್ಟೆ ಅಂತ ಚೀಟಿ ಬೇರೆ. ಓದಿ ನನಗೆ ನಗು ಬಂತು. ಅಪ್ಪ ಬೆಳೆಯುತ್ತಿದ್ದ ಜಯಧರ ಹತ್ತಿಯೂ ಅದೇ ಜಾತಿ, ಗಾಸಿಪಿಯಂ ಹರ್ಬೇಸಿಯಂ. ಮಳೆಗಾಲ ಇಳಿಯುವಾಗ ಬಿತ್ತಿದರೆ ಎರೆಮಣ್ಣಿನ ಹಸಿಯಲ್ಲೇ ಬೆಳೆದು ಬೇಸಿಗೆ ಹೊತ್ತಿಗೆ ಕೈಗೆ ಬರುತ್ತಿತ್ತು. ಮಿಲ್ಲಿನವರಿಗೆ ಉದ್ದ ಎಳೆ ಬೇಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲಂತೂ ನಮ್ಮ ಹೊಲದಲ್ಲಿ ಜಯಧರ ಹೆಸರಿಗೂ ಉಳಿಯಲಿಲ್ಲ. ಕಚ್ಛದಲ್ಲಿ ಖಮೀರ್‌ನಂಥ ಸಂಸ್ಥೆಗಳು ರೈತ, ನೂಲುವವರು, ನೇಕಾರ ಮೂವರನ್ನೂ ಒಂದು ಕಡೆ ತಂದು ಆ ಹತ್ತಿಗೆ ಮತ್ತೆ ಮಾರುಕಟ್ಟೆ ಮಾಡಿಕೊಟ್ಟವು. ನಮ್ಮಲ್ಲಿ ನೂಲು, ಮಗ್ಗ ಗೊತ್ತಿಲ್ಲ ಅಂತೇನಿಲ್ಲ. ಧಾರವಾಡದ ಹತ್ತಿರ ಗರಗದ ಖಾದಿ ಇದೆ. ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ, ಸಂಘ ಹುಟ್ಟಿದ್ದು 1957ರಲ್ಲಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್ ಬಾವುಟಕ್ಕೂ ಅವಕಾಶ ಕೊಟ್ಟಾಗ ಅಣ್ಣ ಬಹಳ ಸಿಟ್ಟಾಗಿದ್ದ. ಅವನ ಹೊಸ ಮನೆಯ ಪರದೆಗಳು ಎಲ್ಲ ಪಾಲಿಸ್ಟರ್. ಅದನ್ನು ಹೇಳಿದರೆ ಮಾತು ಬದಲಿಸುತ್ತಾನೆ.

ಅಂದಮಾತ್ರಕ್ಕೆ ಗುಜರಾತಿನವರನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಅಹಮದಾಬಾದಿನ ಹಳೇ ಊರಿಗೆ 2017ರಲ್ಲಿ ಯುನೆಸ್ಕೋ ಪರಂಪರೆಯ ನಗರ ಅನ್ನುವ ಗೌರವ ಸಿಕ್ಕಿತು. ಆದರೂ ಪೋಳ ಅನ್ನುವ ಅಲ್ಲಿಯ ಹಳೇ ಓಣಿಗಳ ಮನೆಗಳಿಂದ ಕೆತ್ತನೆ ಕಟ್ಟಿಗೆ ಕಿತ್ತು ಮಾರೋದು ನಿಂತಿಲ್ಲ. ನನ್ನ ಗಿರಾಕಿಗಳು ಕಚ್ಛದ ಕಸೂತಿಗೆ ಗಾಜು ಹಾಕಿಸಿ, ಮೇಲೊಂದು ಲೈಟ್ ಬಿಡುತ್ತಾರೆ. ಅದನ್ನು ಹಾಕಿದ ಹೆಂಗಸಿಗೆ ಅಂಥದ್ದನ್ನು ಕೊಳ್ಳುವ ಶಕ್ತಿ ಇಲ್ಲ, ಅವಳು ಉಡೋದು ಸಂತೆಯ ಸಿಂಥೆಟಿಕ್ ಸೀರೆ. ಕಾಂಕ್ರೀಟಿನ ಮೇಲೆ ಮಣ್ಣು ಬಳಿದು ಎಸಿ ಹಾಕಿದ ಭುಂಗಾ ರಿಸಾರ್ಟುಗಳನ್ನೂ ನೋಡಿದ್ದೇನೆ. ಉಳಿದದ್ದು ದುಬಾರಿಯಾಗಿ ಉಳಿಯಿತು.

ಆದರೆ ಅವರದ್ದೊಂದು ವಸ್ತು ಕಂಡರೆ ನನಗೆ ನಿಜವಾಗಿ ಹೊಟ್ಟೆಕಿಚ್ಚು. ಉಯ್ಯಾಲೆ. ಅವರು ಹಿಂಚಕೋ ಅನ್ನುತ್ತಾರೆ. ವಡೋದರಾ ಕಡೆ ಸಂಖೇಡಾ ಅಂತ ಊರಿದೆ. ಸಾಗವಾನಿಯನ್ನು ಕಡೆದು ತವರದ ಬಣ್ಣದಲ್ಲಿ ಬಳ್ಳಿ ಬಿಡಿಸುತ್ತಾರೆ, ಮೇಲೆ ಅರಗು ಹತ್ತಿದಾಗ ಬೆಳ್ಳಗಿದ್ದ ತವರ ಬಂಗಾರದ ಹಾಗೆ ಕಾಣುತ್ತದೆ. ಅಂಥ ಉಯ್ಯಾಲೆಯ ಮೇಲೆ ನಮ್ಮ ಪಕ್ಕದ ಮನೆಯ ಅಜ್ಜ ದಿನಾ ಚಹಾ ಕುಡಿಯುತ್ತಾರೆ, ಪೇಪರ್ ಓದುತ್ತಾರೆ, ತೂಕಡಿಸುತ್ತಾರೆ. ಮೊಮ್ಮಗ ಅದರ ಮೇಲೆ ಹತ್ತಿ ಕುಣಿಯುತ್ತಾನೆ. ಯಾರೂ ಬೈಯೋದಿಲ್ಲ. ಬಣ್ಣ ಸವೆದ ಕಡೆ ನಾಲ್ಕೈದು ವರ್ಷಕ್ಕೊಮ್ಮೆ ಹಚ್ಚಿಸುತ್ತಾರೆ.

ಇದಕ್ಕೆ ಸಾಟಿ ನಮ್ಮ ಕಲಘಟಗಿ ತೊಟ್ಟಿಲು. ಅದೂ ಸಾಗವಾನಿಯೇ, ಅದಕ್ಕೂ ಅರಗಿನ ಹೊಳಪು. ಸುತ್ತ ಹಲಗೆಗಳ ಮೇಲೆ ಕೆಂಪು, ಹಳದಿ, ಹಸಿರಿನಲ್ಲಿ ರಾಮಾಯಣ, ಕೃಷ್ಣನ ಆಟ. ನಮ್ಮದರಲ್ಲಿ ಬೆಣ್ಣೆ ಕದಿಯುವ ಕೃಷ್ಣ ಇದ್ದಾನೆ. ಅವನ ಮೂಗು ಸವೆದಿದೆ, ಮಲಗಿದ ಮಕ್ಕಳೆಲ್ಲ ಅಲ್ಲಿಯೇ ಕೈ ಇಡುತ್ತವೆ. ಅಜ್ಜಿಯ ತವರಿಂದ ಬಂದ ಆ ತೊಟ್ಟಿಲಲ್ಲಿ ನಾನು ಮಲಗಿದ್ದೇನೆ, ಅಣ್ಣ ಮಲಗಿದ್ದಾನೆ. ಲಾರಿಯಲ್ಲಿ ಅಹಮದಾಬಾದಿಗೆ ಬಂದು ನನ್ನ ಮಗಳನ್ನೂ ತೂಗಿ ಹೋಗಿದೆ. ಈಗ ಗದಗದ ಚಿಕ್ಕಪ್ಪನ ಮಗಳ ಮನೆಯಲ್ಲಿದೆ. ಯಾರ ಮನೆಯಲ್ಲಿ ಬಸುರಿ ಇದ್ದಾಳೋ ಅಲ್ಲಿಗೆ ಹೋಗುತ್ತದೆ, ಬಿಲ್ಲಿಲ್ಲ, ಬಾಡಿಗೆ ಇಲ್ಲ. ಸಸ್ಟೇನಬಲ್ ಅಂತ ನನ್ನ ಕಸುಬಿನವರು ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಹೀಗೆ ಊರೂರು ತಿರುಗಿ ಒಂಬತ್ತು ಮಕ್ಕಳನ್ನು ತೂಗಿದ ಸಾಮಾನು ನಾನಂತೂ ಯಾರಿಗೂ ಮಾಡಿಕೊಟ್ಟಿಲ್ಲ.

ಆದರೆ ತೊಟ್ಟಿಲು ಇಳಿಯೋದು ಹೆಸರಿಡುವಾಗ. ಜಮಖಾನ ಬಿಚ್ಚೋದು ಬೀಗರು ಬಂದಾಗ. ಕಸೂತಿ ಸೀರೆ ಹೊರಬರೋದು ಮದುವೆಗೆ. ಉಳಿದ ದಿನ ಪ್ಲಾಸ್ಟಿಕ್ ಚಾಪೆ. ನಮ್ಮ ಜನಕ್ಕೆ ಕೈಗೆಲಸದ ಮೇಲೆ ಗೌರವ ಇಲ್ಲ ಅಂತ ನಾನು ಹೇಳೋದಿಲ್ಲ, ಗೌರವ ಜಾಸ್ತಿಯೇ ಆಯಿತು. ಟ್ರಂಕಿನಲ್ಲಿ ಇಟ್ಟಿದ್ದು ಹರಿಯೋದಿಲ್ಲ. ಹರಿಯದಿದ್ದರೆ ಇನ್ನೊಂದನ್ನು ಯಾರು ನೇಯಿಸುತ್ತಾರೆ? ದಿನಾ ಕಣ್ಣಿಗೆ ಬೀಳದಿದ್ದರೆ ಅಸಲಿ ಯಾವುದು, ನಕಲಿ ಯಾವುದು ಅನ್ನೋದೂ ಮರೆತುಹೋಗುತ್ತದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಯಾವುದೋ ಮೇಳದಲ್ಲಿ 'ಕಸೂತಿ' ಕುಶನ್ ತಂದಿದ್ದರು. ನಾನು ಕವರ್ ಬಿಚ್ಚಿ ಹಿಂಬದಿ ತೋರಿಸಿದೆ. ತುಂಬ ದಾರದ ಗೋಜಲು, ಮೇಲೆ ಬಿಳಿ ಕಾಗದದಂಥ ಅಸ್ತರಿ. ಮಷಿನ್ ಕೆಲಸ. ಅಸಲಿ ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ನೇಯ್ಗೆ, ಮೆಂತೆ ಹೊಲಿಗೆಯಲ್ಲಿ ಹಿಂಬದಿ ಬೇರೆ ಇರುತ್ತದೆ, ಆದರೆ ಹೀಗಂತೂ ಇರೋದಿಲ್ಲ. ವೈನಿ ಕುಶನ್ ಕಸಿದುಕೊಂಡು 'ನಿಮಗ ಹೊಳ್ಳಿಸಿ ನೋಡು ಚಟ' ಅಂದರು.

ಮರುದಿನ ಅಣ್ಣನನ್ನು ಎಬ್ಬಿಸಿ ನವಲಗುಂದಕ್ಕೆ ಕರೆದುಕೊಂಡು ಹೋದೆ. ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದವರು ಅಂತ ಈ ನೇಕಾರರ ಬಗ್ಗೆ ಹೇಳುತ್ತಾರೆ. ನೇಯುವವರು ಹೆಂಗಸರು. ಇದು ಈ ಊರಿನದೇ ಅನ್ನುವ ಸರಕಾರಿ ಮುದ್ರೆ, ಜಿಐ ಗುರುತು, ಸಿಕ್ಕಿದೆ, ಆದರೆ ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟು. ನಾವು ಹೋದದ್ದು ಒಬ್ಬ ನೇಕಾರ ಚಾಚಿಯ ಮನೆಗೆ. ಮೊದಲ ಕೋಣೆಯಲ್ಲಿ ಮಗ್ಗ ಗೋಡೆಗೆ ಒರಗಿದ ಹಾಗೆ ನೆಟ್ಟಗೆ ನಿಂತಿತ್ತು. ಇಬ್ಬರು ಪಕ್ಕ ಪಕ್ಕ ಕೂತಿದ್ದರು. ಮುಂದೆ ಕಾಗದ ಇಲ್ಲ, ನಕ್ಷೆ ಇಲ್ಲ. ಎಳೆ ಎಣಿಸುತ್ತಾ ಬಣ್ಣದ ನೂಲು ದಾಟಿಸೋದು, ಹಲ್ಲಿನ ಪಂಜಾದಿಂದ ಟಕ್ ಟಕ್ ಅಂತ ಕೆಳಗೆ ಬಡಿಯೋದು. ಅರ್ಧ ತಾಸು ನಿಂತು ನೋಡಿದೆ. ನವಿಲಿನ ಕೊರಳು ಒಂದು ಬೆರಳು ಅಗಲ ಮೇಲೆ ಬಂದಿತ್ತು, ಅಷ್ಟೇ.

ಹಾಲಿನ ಅಳತೆ ಹೇಳಿದೆವು, 9 ಅಡಿಗೆ 6 ಅಡಿ. 'ತಿಂಗಳ ಮ್ಯಾಲೆ ಹಿಡೀತೈತಿ' ಅಂದರು ಚಾಚಿ. ರೇಟು ಕೇಳಿ ಅಣ್ಣ ಶುರು ಮಾಡಿದ. 'ಆನ್‌ಲೈನದಾಗ ಎರಡು ಸಾವಿರಕ್ಕ ಬರ್ತೈತಿ ಚಾಚಿ.'

ಚಾಚಿ ಪಂಜಾ ಕೆಳಗಿಡಲಿಲ್ಲ. 'ತಗೋರಿ. ಎಳಿ ಬಿಟ್ಟಾಗ ಯಾರ ಕಡೆ ಒಯ್ತೀರಿ?'

ಅಣ್ಣ ನನ್ನ ಮುಖ ನೋಡಿದ. ಮುಂಗಡ ನಾನೇ ಕೊಟ್ಟೆ, ಸುಳ್ಳು ಯಾಕೆ ಹೇಳಲಿ.

ದಸರೆ ಹೊತ್ತಿಗೆ ಜಮಖಾನ ಮನೆಗೆ ಬಂತು. ಫೋಟೋ ಕಳಿಸಿ ಅಂದೆ, ಬಂತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸುತಳಿ ಬಿಗಿದು, ಬೆಡ್‌ರೂಮಿನ ಲಾಫ್ಟ್ ಮೇಲೆ ಇಟ್ಟ ಫೋಟೋ. 'ಬೀಗರು ಬಂದಾಗ ಹಾಸೂಣು' ಅಂದರು ವೈನಿ. ಒಂದು ವಾರ ಫೋನಿನಲ್ಲಿ ಜಗಳ ಆಡಿದ ಮೇಲೆ ಸುತಳಿ ಬಿಚ್ಚಿದರು. ಟೀವಿ ಹಿಂದೆ ಲಿಪ್ಪನ್ ಕಿಟ್ಟೂ ಬಂದು ಕೂತಿದೆ, ಆ ಮಾತು ಬೇರೆ.

ಹೋದ ತಿಂಗಳು ರಾತ್ರಿ ವೈನಿ ಫೋನು. ಮಗ ಜಮಖಾನದ ಮೇಲೆ ಕೂತು ಊಟ ಮಾಡುವಾಗ ಬದನೆಕಾಯಿ ಎಣ್ಣೆಗಾಯಿ ಬೀಳಿಸಿದ್ದಾನೆ, ಸರಿಯಾಗಿ ನವಿಲಿನ ಮೇಲೆ. 'ನಾ ಹೇಳ್ಲಿಲ್ಲ? ಮ್ಯಾಲೆ ಇದ್ದಿದ್ರ ಛಲೋ ಇರ್ತಿತ್ತು' ಅಂತ ನನಗೇ ಬೈದರು. ನಾನು ಚಾಚಿಗೆ ಫೋನ್ ಹಚ್ಚಿದೆ. ಅವರು ನಕ್ಕರು. 'ಕಡ್ಲಿಹಿಟ್ಟು ಉದುರಿಸಿ ಎಣ್ಣಿ ಹೀರಲಿಕ್ಕೆ ಬಿಡ್ರಿ, ಆಮ್ಯಾಲೆ ತಣ್ಣೀರಾಗ ಒರಸ್ರಿ. ಕಲೆ ಉಳದ್ರ ಹೊಳ್ಳಿಸಿ ಹಾಸ್ರಿ. ಎರಡೂ ಕಡೆ ಒಂದ ಐತಲ್ಲ.'

ಕಲೆ ಸ್ವಲ್ಪ ಉಳಿಯಿತಂತೆ. ಬಾಗಿಲ ಕಡೆ ಮುಖ ಮಾಡಿದ್ದ ನವಿಲುಗಳು ಈಗ ಅಡುಗೆಮನೆ ಕಡೆ ನೋಡುತ್ತಿವೆ.